ಕಾರ್ನೆಗಿ ಗ್ರಂಥಾಲಯ ಕಟ್ಟಡ, ವಾಷಿಂಗ್ಟನ್: ಇತಿಹಾಸ ಮತ್ತು ಸಂದರ್ಶಕರಿಗೆ ಮಾಹಿತಿ

ಪೀಠಿಕೆ

ಸಾರ್ವಜನಿಕ ಗ್ರಂಥಾಲಯಗಳಿಗಾಗಿ ನೂರು ವರ್ಷಗಳ ಹಿಂದೆ ಕಟ್ಟಿಸಲಾದ ಅನೇಕ ಕಟ್ಟಡಗಳು ಇಂದು ಮೂಲ ಉದ್ದೇಶಕ್ಕೆ ಸಾಲದಾಗಿವೆ. ಪುಸ್ತಕಗಳ ಸಂಖ್ಯೆ ಬೆಳೆದಂತೆ ಸ್ಥಳ ಕಿರಿದಾಗುತ್ತದೆ. ಗ್ರಂಥಾಲಯವು ಬೇರೆಡೆಗೆ ಸ್ಥಳಾಂತರಗೊಳ್ಳುತ್ತದೆ. ಕಟ್ಟಡವು ಖಾಲಿ ಉಳಿಯುತ್ತದೆ. ಇಂತಹ ಕಟ್ಟಡವನ್ನು ಕೆಡವುವುದೇ, ಹಾಗೆಯೇ ಬಿಡುವುದೇ ಅಥವಾ ಹೊಸ ಉಪಯೋಗಕ್ಕೆ ಒದಗಿಸುವುದೇ ಎಂಬ ಪ್ರಶ್ನೆಯು ಜಗತ್ತಿನ ಹಲವು ನಗರಗಳ ಮುಂದಿದೆ. ಅಮೆರಿಕ ಸಂಯುಕ್ತ ಸಂಸ್ಥಾನದ ರಾಜಧಾನಿ ವಾಷಿಂಗ್ಟನ್ ನಗರದ ಕಾರ್ನೆಗಿ ಗ್ರಂಥಾಲಯ ಕಟ್ಟಡವು ಈ ಪ್ರಶ್ನೆಗೆ ದೊರೆತ ಒಂದು ಉತ್ತರವಾಗಿದೆ. 1903ರಲ್ಲಿ ನಗರದ ಕೇಂದ್ರ ಗ್ರಂಥಾಲಯವಾಗಿ ತೆರೆದ ಈ ಕಟ್ಟಡದಲ್ಲಿ 2019ರಿಂದ ಆಪಲ್ ಕಂಪನಿಯ ಮಾರಾಟ ಮಳಿಗೆ ಹಾಗೂ ನಗರದ ಇತಿಹಾಸಕ್ಕೆ ಸಂಬಂಧಿಸಿದ ವಸ್ತುಸಂಗ್ರಹಾಲಯ ಒಂದೇ ಸೂರಿನಡಿ ನಡೆದಿವೆ.

ವ್ಯಾಸಂಗ, ಉದ್ಯೋಗ ಅಥವಾ ಪ್ರವಾಸದ ನಿಮಿತ್ತ ವಾಷಿಂಗ್ಟನ್ನಿಗೆ ತೆರಳುವ ನಾಗರಿಕರಿಗೆ ಹಾಗೂ ಸಾರ್ವಜನಿಕ ಗ್ರಂಥಾಲಯಗಳ ಇತಿಹಾಸದಲ್ಲಿ ಆಸಕ್ತಿಯುಳ್ಳ ಓದುಗರಿಗೆ ಅನುಕೂಲವಾಗಲೆಂದು ಸದರಿ ಕಟ್ಟಡದ ಇತಿಹಾಸ, ವಿನ್ಯಾಸ ಮತ್ತು ಭೇಟಿಯ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಸ್ಥಳ

ಕಟ್ಟಡವು ನಗರದ ವಾಯುವ್ಯ ವಿಭಾಗದ ಮೌಂಟ್ ವರ್ನನ್ ಚೌಕದ ನಡುವೆ, 801, ಕೆ ಸ್ಟ್ರೀಟ್ ಎಂಬ ವಿಳಾಸದಲ್ಲಿದೆ. ಮ್ಯಾಸಚೂಸೆಟ್ಸ್ ಅವೆನ್ಯೂ ಮತ್ತು ನ್ಯೂಯಾರ್ಕ್ ಅವೆನ್ಯೂ ಎಂಬ ಎರಡು ಹೆದ್ದಾರಿಗಳು ಇಲ್ಲಿ ಸಂಧಿಸುತ್ತವೆ. ಚೌಕದ ಸುತ್ತಲೂ ರಸ್ತೆಗಳಿರುವುದರಿಂದ ಕಟ್ಟಡವು ನಾಲ್ಕು ದಿಕ್ಕುಗಳಿಂದಲೂ ಕಾಣುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇದೇ ಚೌಕದಲ್ಲಿ ಒಂದು ಮಾರುಕಟ್ಟೆ ಇತ್ತು. ಅದನ್ನು 1872ರಲ್ಲಿ ಕೆಡವಲಾಯಿತು.

ದಾನ ಮತ್ತು ಅದರ ಷರತ್ತು

ವಾಷಿಂಗ್ಟನ್ ನಗರಕ್ಕೆ ಸಾರ್ವಜನಿಕ ಗ್ರಂಥಾಲಯವನ್ನು ಒದಗಿಸುವ ಕಾಯಿದೆಯನ್ನು ಅಮೆರಿಕದ ಸಂಸತ್ತು 1896ರಲ್ಲಿ ಅಂಗೀಕರಿಸಿತು. ಕಾಯಿದೆಯಿಂದ ಗ್ರಂಥಾಲಯವು ಸ್ಥಾಪನೆಯಾಯಿತೇ ಹೊರತು ಅದಕ್ಕೆ ತಕ್ಕ ಕಟ್ಟಡವಿರಲಿಲ್ಲ. ಉಕ್ಕಿನ ಉದ್ಯಮದಲ್ಲಿ ಸಂಪತ್ತನ್ನು ಗಳಿಸಿ, ಅದರ ಬಹುಭಾಗವನ್ನು ದಾನ ಮಾಡಿದ ಆಂಡ್ರ್ಯೂ ಕಾರ್ನೆಗಿಯವರು ಕಟ್ಟಡದ ವೆಚ್ಚವನ್ನು ಭರಿಸಲು ಮುಂದೆ ಬಂದರು.

ಕಾರ್ನೆಗಿಯವರ ಧನಸಹಾಯದಿಂದ ಜಗತ್ತಿನ ವಿವಿಧ ದೇಶಗಳಲ್ಲಿ ನಿರ್ಮಾಣವಾದ ಗ್ರಂಥಾಲಯ ಕಟ್ಟಡಗಳ ಸಂಖ್ಯೆ 2,509. ಅವರ ದಾನಕ್ಕೆ ಸಾಮಾನ್ಯವಾಗಿ ಒಂದು ಷರತ್ತು ಇರುತ್ತಿತ್ತು. ಕಟ್ಟಡದ ಹಣವನ್ನು ಅವರು ಕೊಡುತ್ತಿದ್ದರು. ನಿವೇಶನವನ್ನು ಊರು ಒದಗಿಸಬೇಕಾಗಿತ್ತು. ಮತ್ತು ದಾನದ ಮೊತ್ತದ ಶೇಕಡ 10ರಷ್ಟನ್ನು ಸ್ಥಳೀಯ ಆಡಳಿತವು ಪ್ರತಿವರ್ಷವೂ ಗ್ರಂಥಾಲಯದ ನಿರ್ವಹಣೆಗೆ ತೆಗೆದಿರಿಸಬೇಕಾಗಿತ್ತು. ದಾನಿಯು ಕಟ್ಟಿಸಿದ ಗ್ರಂಥಾಲಯವನ್ನು ನಾಗರಿಕರೇ ತಮ್ಮ ತೆರಿಗೆಯಿಂದ ನಡೆಸಿದಾಗ ಮಾತ್ರ ಅದು ಬಾಳುತ್ತದೆ ಎಂಬುದು ಈ ಷರತ್ತಿನ ಹಿಂದಿನ ಆಶಯ.

ಕರ್ನಾಟಕದ ಓದುಗರಿಗೆ ಈ ತತ್ತ್ವವು ಅಪರಿಚಿತವಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದ ಅನ್ವಯ ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನು ವಸೂಲು ಮಾಡಲಾಗುತ್ತದೆ. ತೆರಿಗೆ ರಸೀದಿಯಲ್ಲಿ ಕಾಣುವ ಈ ಚಿಕ್ಕ ಮೊತ್ತವೇ ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳಿಗೆ ಆಧಾರವಾಗಿರುವ ಆದಾಯಗಳಲ್ಲೊಂದು.

ನಿರ್ಮಾಣ ಮತ್ತು ಉದ್ಘಾಟನೆ

ಕಟ್ಟಡದ ವಿನ್ಯಾಸವನ್ನು ನ್ಯೂಯಾರ್ಕಿನ ಆಕರ್‌ಮನ್ ಮತ್ತು ರಾಸ್ ಎಂಬ ವಾಸ್ತುಶಿಲ್ಪಿಗಳು ಸಿದ್ಧಪಡಿಸಿದರು. ಪ್ಯಾರಿಸಿನ ಲಲಿತಕಲಾ ಶಾಲೆಯ ಹೆಸರಿನಿಂದ ಬೋಜಾರ್ ಎಂದು ಕರೆಯಲಾಗುವ ಶೈಲಿಯಲ್ಲಿ ಈ ಕಟ್ಟಡವಿದೆ. ಎಡಬಲಗಳ ಸಮಪ್ರಮಾಣ, ಬಿಳಿಯ ಅಮೃತಶಿಲೆಯ ಹೊರಮೈ, ಮಧ್ಯದಲ್ಲಿ ಮುಂಚಾಚಿದ ಪ್ರವೇಶದ್ವಾರ, ಎರಡೂ ಕಡೆ ಚಾಚಿಕೊಂಡ ಪಾರ್ಶ್ವಭಾಗಗಳು ಹಾಗೂ ಎತ್ತರದ ಕಮಾನು ಕಿಟಕಿಗಳು ಇದರ ಲಕ್ಷಣಗಳು. ದೊಡ್ಡ ಕಿಟಕಿಗಳು ಕೇವಲ ಅಲಂಕಾರಕ್ಕಾಗಿ ಇರಲಿಲ್ಲ. ವಾಚನಾಲಯಗಳಿಗೆ ಹಗಲಿನ ಬೆಳಕು ಧಾರಾಳವಾಗಿ ದೊರೆಯುವುದು ಅಂದಿನ ಕಾಲಕ್ಕೆ ಅವಶ್ಯವಾಗಿತ್ತು.

1903ರ ಜನವರಿ 7ರಂದು ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಮತ್ತು ದಾನಿ ಕಾರ್ನೆಗಿಯವರ ಸಮ್ಮುಖದಲ್ಲಿ ಗ್ರಂಥಾಲಯವನ್ನು ಸಾರ್ವಜನಿಕರಿಗೆ ಅರ್ಪಿಸಲಾಯಿತು.

ಎಲ್ಲರಿಗೂ ತೆರೆದ ಬಾಗಿಲು

ಈ ಕಟ್ಟಡದ ಮಹತ್ವವು ಅದರ ಅಮೃತಶಿಲೆಯಲ್ಲಿ ಮಾತ್ರ ಇಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಾಷಿಂಗ್ಟನ್ ನಗರವು ವರ್ಣಭೇದಕ್ಕೆ ಒಳಪಟ್ಟಿತ್ತು. ಬಿಳಿಯರ ಮಕ್ಕಳಿಗೂ ಕಪ್ಪು ವರ್ಣದವರ ಮಕ್ಕಳಿಗೂ ಪ್ರತ್ಯೇಕ ಸರ್ಕಾರಿ ಶಾಲೆಗಳಿದ್ದವು. ಈ ವ್ಯವಸ್ಥೆಯು ಸಂವಿಧಾನಬಾಹಿರವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ತೀರ್ಪು ನೀಡಿದ್ದು 1954ರಲ್ಲಿ. ಅದಕ್ಕೂ ಅರ್ಧ ಶತಮಾನ ಮೊದಲೇ ಈ ಗ್ರಂಥಾಲಯದ ಬಾಗಿಲು ಎರಡೂ ಸಮುದಾಯದವರಿಗೆ ತೆರೆದಿತ್ತು. ವರ್ಣಭೇದವಿಲ್ಲದೆ ಪ್ರವೇಶ ನೀಡಿದ ನಗರದ ಮೊದಮೊದಲ ಸಾರ್ವಜನಿಕ ಕಟ್ಟಡಗಳಲ್ಲಿ ಇದೂ ಒಂದು. ಆದಕಾರಣ ಈ ಕಟ್ಟಡದ ಮುಂದಿನ ಬಳಕೆಯ ಪ್ರಶ್ನೆಯು ಬಂದಾಗಲೆಲ್ಲ, ಅದು ಎಲ್ಲರೂ ಒಳಹೋಗಬಹುದಾದ ಸ್ಥಳವಾಗಿ ಉಳಿಯುವುದೇ ಎಂಬ ವಿಚಾರವೂ ಜೊತೆಗೇ ಬಂದಿದೆ.

ಗ್ರಂಥಾಲಯದ ಸ್ಥಳಾಂತರ ಮತ್ತು ನಂತರದ ವರ್ಷಗಳು

ಸುಮಾರು 70 ವರ್ಷಗಳ ಕಾಲ ಕಟ್ಟಡವು ನಗರದ ಕೇಂದ್ರ ಗ್ರಂಥಾಲಯವಾಗಿ ಸೇವೆ ಸಲ್ಲಿಸಿತು. ಪುಸ್ತಕಗಳೂ ಓದುಗರೂ ಹೆಚ್ಚಿ ಸ್ಥಳವು ಸಾಲದೆ ಬಂದಾಗ, ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋ ಅವರ ವಿನ್ಯಾಸದ ಹೊಸ ಕಟ್ಟಡವು ಅನತಿ ದೂರದಲ್ಲಿ ನಿರ್ಮಾಣವಾಯಿತು. 1972ರಲ್ಲಿ ತೆರೆದ ಈ ಹೊಸ ಕೇಂದ್ರ ಗ್ರಂಥಾಲಯಕ್ಕೆ ಮಾರ್ಟಿನ್ ಲೂಥರ್ ಕಿಂಗ್ ಅವರ ಹೆಸರನ್ನು ಇಡಲಾಗಿದೆ.

ಹಳೆಯ ಕಟ್ಟಡವು 1969ರಲ್ಲಿಯೇ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತ್ತು. ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ಕಟ್ಟಡಕ್ಕೆ ಉಪಯೋಗವಾಗಲಿ, ನಿರ್ವಹಣೆಗೆ ಹಣವಾಗಲಿ ದೊರೆಯುವುದಿಲ್ಲ. ಕೆಲಕಾಲ ಅದು ನಗರದ ವಿಶ್ವವಿದ್ಯಾಲಯದ ಉಪಯೋಗದಲ್ಲಿತ್ತು. ಅನಂತರ ನಗರದ ಇತಿಹಾಸ ಸಂಘವು ಇಲ್ಲಿಗೆ ಬಂದು, 2003ರಲ್ಲಿ ವಾಷಿಂಗ್ಟನ್ ನಗರ ವಸ್ತುಸಂಗ್ರಹಾಲಯವನ್ನು ಆರಂಭಿಸಿತು. ನಿರೀಕ್ಷಿಸಿದಷ್ಟು ಸಂದರ್ಶಕರು ಬಾರದೆ ಅದನ್ನು 2004ರಲ್ಲಿಯೇ ಮುಚ್ಚಬೇಕಾಯಿತು. ನಗರದ ಬಹುಪಾಲು ದೊಡ್ಡ ವಸ್ತುಸಂಗ್ರಹಾಲಯಗಳಿಗೆ ಪ್ರವೇಶವು ಉಚಿತವಾಗಿದ್ದು, ಅಲ್ಲಿ ಹೊಸ ಸಂಸ್ಥೆಯೊಂದು ಸ್ವಂತ ಆದಾಯದಿಂದ ದೊಡ್ಡ ಕಟ್ಟಡವನ್ನು ನಡೆಸುವುದು ಸುಲಭವಲ್ಲ.

2014ರ ಸುಮಾರಿಗೆ ಅಂತರರಾಷ್ಟ್ರೀಯ ಗೂಢಚಾರ ವಸ್ತುಸಂಗ್ರಹಾಲಯವನ್ನು ಇಲ್ಲಿಗೆ ತರುವ ಪ್ರಸ್ತಾವವು ಬಂದಿತು. ಐತಿಹಾಸಿಕ ಕಟ್ಟಡಕ್ಕೆ ಹೊಸ ಭಾಗಗಳನ್ನು ಸೇರಿಸುವ ಆ ಯೋಜನೆಗೆ ಪಾರಂಪರಿಕ ಸಂರಕ್ಷಣಾ ಮಂಡಳಿಯಿಂದ ಆಕ್ಷೇಪಣೆ ಎದುರಾಗಿ, ಪ್ರಸ್ತಾವವನ್ನು ಕೈಬಿಡಲಾಯಿತು.

ಮಳಿಗೆ ಮತ್ತು ವಸ್ತುಸಂಗ್ರಹಾಲಯವಾಗಿ ಮಾರ್ಪಾಡು

ಬಳಿಕ ಆಪಲ್ ಕಂಪನಿಯು ಕಟ್ಟಡದ ಹೆಚ್ಚಿನ ಭಾಗವನ್ನು ಗುತ್ತಿಗೆಗೆ ಪಡೆಯಿತು. ಕಟ್ಟಡವನ್ನು ಮಾರಾಟ ಮಾಡಿಲ್ಲವೆಂಬುದು ಇಲ್ಲಿ ಗಮನಿಸಬೇಕಾದ ಅಂಶ. ಇತಿಹಾಸ ಸಂಘಕ್ಕೆ ಮೇಲಂತಸ್ತಿನಲ್ಲಿ ಸ್ಥಾನವನ್ನು ಉಳಿಸಿಕೊಡಲಾಯಿತು. ಜೀರ್ಣೋದ್ಧಾರ ಮತ್ತು ಒಳವಿನ್ಯಾಸವನ್ನು ಲಂಡನ್ನಿನ ಫಾಸ್ಟರ್ ಮತ್ತು ಪಾರ್ಟ್‌ನರ್ಸ್ ಸಂಸ್ಥೆಯು, ಸಂರಕ್ಷಣಾ ಕಾರ್ಯದಲ್ಲಿ ಅನುಭವವುಳ್ಳ ಬೇಯರ್ ಬ್ಲೈಂಡರ್ ಬೆಲ್ ಸಂಸ್ಥೆಯ ಸಹಯೋಗದಲ್ಲಿ ನಿರ್ವಹಿಸಿತು. 2019ರ ಮೇ 11ರಂದು ಕಟ್ಟಡವು ಪುನಃ ತೆರೆಯಿತು.

ಮಾರ್ಪಾಡಿನ ಮುಖ್ಯಾಂಶಗಳು ಹೀಗಿವೆ:

1. ಹೊರಗಿನ ಕಲ್ಲಿನ ಗೋಡೆಗಳನ್ನು ಶುಚಿಗೊಳಿಸಿ ದುರಸ್ತಿ ಮಾಡಲಾಗಿದೆ. ಕಟ್ಟಡದ ಹೊರನೋಟವನ್ನು ಮೂಲರೂಪದಲ್ಲಿಯೇ ಕಾಪಾಡಲಾಗಿದೆ.

2. ಹಿಂದಿನ ದುರಸ್ತಿಗಳಲ್ಲಿ ಮರೆಯಾಗಿದ್ದ ಒಳಭಾಗದ ಅಲಂಕಾರಿಕ ಗಾರೆಕೆಲಸವನ್ನು ಪುನಃ ರೂಪಿಸಲಾಗಿದೆ.

3. ಕಟ್ಟಡದ ಮಧ್ಯಭಾಗವನ್ನು ಎರಡು ಅಂತಸ್ತಿನ ಎತ್ತರಕ್ಕೆ ತೆರವುಗೊಳಿಸಿ, ಮೇಲೆ ಗಾಜಿನ ಬೆಳಕಿಂಡಿಯನ್ನು ಅಳವಡಿಸಲಾಗಿದೆ. ಸಭೆ ಮತ್ತು ತರಬೇತಿ ಕಾರ್ಯಕ್ರಮಗಳು ಈ ಅಂಗಳದಲ್ಲಿ ನಡೆಯುತ್ತವೆ.

4. ಹಿಂದಿನ ವಾಚನಾಲಯಗಳ ಕೊಠಡಿಗಳಲ್ಲಿ ಈಗ ಮಾರಾಟದ ಮೇಜುಗಳಿವೆ. ಎತ್ತರದ ಕಿಟಕಿಗಳಿಂದ ಬರುವ ಬೆಳಕು ಅಂದಿನಂತೆಯೇ ಇದೆ.

ಕಟ್ಟಡದಲ್ಲಿ ನೋಡಬಹುದಾದವು

ಕಾರ್ನೆಗಿ ಪ್ರದರ್ಶನಾಂಗಣ: ನೆಲಮಾಳಿಗೆಯಲ್ಲಿದೆ. ಕಟ್ಟಡದ ಹುಟ್ಟು ಮತ್ತು ಬೆಳವಣಿಗೆಗೆ ಸಂಬಂಧಿಸಿದ ಛಾಯಾಚಿತ್ರಗಳು ಹಾಗೂ ದಾಖಲೆಗಳನ್ನು ಇಲ್ಲಿ ಪ್ರದರ್ಶಿಸಲಾಗಿದೆ. ಕಟ್ಟಡದ ಇತಿಹಾಸವನ್ನು ತಿಳಿಯಬಯಸುವವರು ಇಲ್ಲಿಂದಲೇ ಭೇಟಿಯನ್ನು ಆರಂಭಿಸುವುದು ಉತ್ತಮ.

ಡಿ.ಸಿ. ಇತಿಹಾಸ ಕೇಂದ್ರ: ಎರಡನೆಯ ಅಂತಸ್ತಿನಲ್ಲಿದೆ. 1894ರಲ್ಲಿ ಕೊಲಂಬಿಯಾ ಇತಿಹಾಸ ಸಂಘ ಎಂಬ ಹೆಸರಿನಿಂದ ಸ್ಥಾಪನೆಯಾದ ಸಂಸ್ಥೆಯೇ ಇಂದು ಈ ಹೆಸರಿನಿಂದ ನಡೆದಿದೆ. ರಾಜಧಾನಿಯೆಂದರೆ ಶ್ವೇತಭವನ ಮತ್ತು ಸಂಸತ್ತು ಮಾತ್ರವೆಂದು ತಿಳಿದವರಿಗೆ ಅಲ್ಲಿನ ಬೀದಿ, ಬಡಾವಣೆ ಮತ್ತು ನಿವಾಸಿಗಳ ಇತಿಹಾಸವನ್ನು ಪರಿಚಯಿಸುವುದು ಈ ಕೇಂದ್ರದ ಉದ್ದೇಶ. ಪ್ರದರ್ಶನಗಳ ಜೊತೆಗೆ ಪುಸ್ತಕ ಮತ್ತು ಸ್ಮರಣಿಕೆಗಳ ಮಾರಾಟ ವಿಭಾಗವೂ ಇದೆ.

ಕಿಪ್ಲಿಂಜರ್ ಸಂಶೋಧನಾ ಗ್ರಂಥಾಲಯ: ಇತಿಹಾಸ ಕೇಂದ್ರದ ಅಂಗವಾಗಿದ್ದು, ನಗರಕ್ಕೆ ಸಂಬಂಧಿಸಿದ ಹಸ್ತಪ್ರತಿ, ಭೂಪಟ, ಛಾಯಾಚಿತ್ರ ಹಾಗೂ ಮುದ್ರಿತ ಗ್ರಂಥಗಳನ್ನು ಒಳಗೊಂಡಿದೆ. ಸಾಲದ ಪುಸ್ತಕಗಳಿಗಾಗಿ ಜನರು ಸಾಲುಗಟ್ಟುತ್ತಿದ್ದ ಕಟ್ಟಡದಲ್ಲಿ ಇಂದಿಗೂ ಗ್ರಂಥಾಲಯದ ಸ್ವರೂಪದಲ್ಲಿ ಉಳಿದಿರುವ ಭಾಗವೆಂದರೆ ಇದೊಂದೇ.

ಸಂದರ್ಶಕರ ಗಮನಕ್ಕೆ

1. ಪ್ರವೇಶ: ಮಳಿಗೆಗೂ ಕಾರ್ನೆಗಿ ಪ್ರದರ್ಶನಾಂಗಣಕ್ಕೂ ಪ್ರವೇಶ ಶುಲ್ಕವಿಲ್ಲ. ಯಾವ ವಸ್ತುವನ್ನೂ ಕೊಳ್ಳದೆ ಕಟ್ಟಡವನ್ನು ನೋಡಿ ಬರಬಹುದು. ಖರೀದಿಸಲು ಬಂದವರೇ ಎಂದು ಸಂಕೋಚಪಟ್ಟು ಹೊರಗೇ ನಿಲ್ಲುವ ಅವಶ್ಯಕತೆಯಿಲ್ಲ.

2. ವೇಳೆ: ಮಳಿಗೆ ಮತ್ತು ಇತಿಹಾಸ ಕೇಂದ್ರ ಬೇರೆ ಬೇರೆ ಸಂಸ್ಥೆಗಳಾಗಿವೆ. ಮಳಿಗೆ ತೆರೆದಿದೆಯೆಂದ ಮಾತ್ರಕ್ಕೆ ಇತಿಹಾಸ ಕೇಂದ್ರವೂ ತೆರೆದಿರುತ್ತದೆಂದು ಭಾವಿಸಬಾರದು. ಎರಡರ ವೇಳೆ ಮತ್ತು ರಜಾದಿನಗಳನ್ನು ಪ್ರತ್ಯೇಕವಾಗಿ ವಿಚಾರಿಸಿಕೊಂಡು ಹೋಗತಕ್ಕದ್ದು.

3. ಸಂಶೋಧನೆ: ಸಂಶೋಧನಾ ಗ್ರಂಥಾಲಯದ ಸಾಮಗ್ರಿಯನ್ನು ಪರಿಶೀಲಿಸಲು ಮುಂಚಿತವಾಗಿ ಸಮಯವನ್ನು ಗೊತ್ತುಪಡಿಸಿಕೊಳ್ಳಬೇಕು. ವಿಷಯವನ್ನೂ ಬೇಕಾದ ದಾಖಲೆಯ ಸ್ವರೂಪವನ್ನೂ ಮೊದಲೇ ತಿಳಿಸಿದರೆ ಸಿಬ್ಬಂದಿಗೆ ಅದನ್ನು ತೆಗೆದಿರಿಸಲು ಅನುಕೂಲವಾಗುತ್ತದೆ.

4. ಸಾರಿಗೆ: ಮೆಟ್ರೋ ರೈಲಿನ ಹಸಿರು ಮತ್ತು ಹಳದಿ ಮಾರ್ಗಗಳ ಮೌಂಟ್ ವರ್ನನ್ ಸ್ಕ್ವೇರ್ ನಿಲ್ದಾಣವು ಸಮೀಪದಲ್ಲಿದೆ. ಕೆಂಪು ಮಾರ್ಗದಲ್ಲಿ ಬರುವವರು ಗ್ಯಾಲರಿ ಪ್ಲೇಸ್ ನಿಲ್ದಾಣದಲ್ಲಿ ಇಳಿದು ನಡೆದು ಬರಬಹುದು.

5. ಖರೀದಿ: ಪ್ರದರ್ಶಿಸಿದ ಬೆಲೆಯ ಮೇಲೆ ಸ್ಥಳೀಯ ಮಾರಾಟ ತೆರಿಗೆಯನ್ನು ಬಿಲ್ಲಿನಲ್ಲಿ ಸೇರಿಸಲಾಗುತ್ತದೆ. ಭಾರತಕ್ಕೆ ತರುವ ಉದ್ದೇಶದಿಂದ ವಿದ್ಯುನ್ಮಾನ ಸಾಧನಗಳನ್ನು ಕೊಳ್ಳುವವರು ಜಾರಿಯಲ್ಲಿರುವ ಸೀಮಾಸುಂಕದ ನಿಯಮಗಳನ್ನೂ ಖಾತರಿ ಪತ್ರದ ಷರತ್ತುಗಳನ್ನೂ ಮೊದಲೇ ಪರಿಶೀಲಿಸುವುದು ಸೂಕ್ತ.

6. ಓದು: ಪುಸ್ತಕ ಓದಲು ಅಥವಾ ಎರವಲು ಪಡೆಯಲು ಬಯಸುವವರು ಈ ಕಟ್ಟಡಕ್ಕಲ್ಲದೆ, ಜಿ ಸ್ಟ್ರೀಟಿನಲ್ಲಿರುವ ಮಾರ್ಟಿನ್ ಲೂಥರ್ ಕಿಂಗ್ ಸ್ಮಾರಕ ಗ್ರಂಥಾಲಯಕ್ಕೆ ಹೋಗಬೇಕು. ಸಮಗ್ರ ನವೀಕರಣದ ನಂತರ ಅದು 2020ರಲ್ಲಿ ಪುನಃ ತೆರೆದಿದೆ. ಎರಡೂ ಕಟ್ಟಡಗಳನ್ನು ಒಂದೇ ದಿನ ನಡೆದುಕೊಂಡೇ ನೋಡಬಹುದು. ಒಂದನ್ನು ಕಂಡ ಮೇಲೆ ಇನ್ನೊಂದನ್ನು ಕಂಡರೆ ಗ್ರಂಥಾಲಯವು ಎಲ್ಲಿಂದ ಎಲ್ಲಿಗೆ ಬಂದಿತೆಂಬುದು ಮನದಟ್ಟಾಗುತ್ತದೆ.

ಮಾರ್ಪಾಡಿನ ಕುರಿತು ಅಭಿಪ್ರಾಯಗಳು

ನಾಗರಿಕರಿಗೆಂದು ದಾನವಾಗಿ ಬಂದ ಕಟ್ಟಡದಲ್ಲಿ ಖಾಸಗಿ ಕಂಪನಿಯು ವ್ಯಾಪಾರ ನಡೆಸುವುದು ಯುಕ್ತವೇ ಎಂಬ ಪ್ರಶ್ನೆಯಲ್ಲಿ ಎರಡು ಪಕ್ಷಗಳಿವೆ. ಗ್ರಂಥಾಲಯದಲ್ಲಿ ಓದುಗನು ಹಕ್ಕಿನಿಂದ ಕುಳಿತಿರುತ್ತಾನೆ, ಮಳಿಗೆಯಲ್ಲಿ ಗಿರಾಕಿಯಾಗಿ ನಿಂತಿರುತ್ತಾನೆ. ಪ್ರವೇಶವು ಉಚಿತವಾದ ಮಾತ್ರಕ್ಕೆ ಎರಡೂ ಒಂದೇ ಆಗಲಾರವು ಎಂಬುದು ಒಂದು ಪಕ್ಷ. ದಶಕಗಳ ಕಾಲ ನೆಲೆಯಾದ ಉಪಯೋಗವಿಲ್ಲದ ಕಟ್ಟಡಕ್ಕೆ ದುರಸ್ತಿಯ ವೆಚ್ಚವನ್ನು ಭರಿಸುವವರು ದೊರೆತರು, ಇತಿಹಾಸ ಸಂಘಕ್ಕೂ ನೆಲೆ ಉಳಿಯಿತು, ಜನರು ಪುನಃ ಒಳಗೆ ಬರುವಂತಾಯಿತು ಎಂಬುದು ಇನ್ನೊಂದು ಪಕ್ಷ. ಎರಡರಲ್ಲೂ ಸತ್ಯಾಂಶವಿದೆ. ಒಡೆತನವನ್ನು ಬಿಟ್ಟುಕೊಡದೆ ಗುತ್ತಿಗೆ ನೀಡಿದ್ದು, ಹೊರರೂಪವನ್ನು ರಕ್ಷಿಸಿದ್ದು ಹಾಗೂ ವಸ್ತುಸಂಗ್ರಹಾಲಯಕ್ಕೆ ಒಂದು ಅಂತಸ್ತನ್ನು ಕಾಯ್ದಿರಿಸಿದ್ದು, ಈ ಮೂರು ಕ್ರಮಗಳಿಂದ ಕಟ್ಟಡದ ಸಾರ್ವಜನಿಕ ಸ್ವರೂಪವು ಒಂದು ಮಟ್ಟಿಗೆ ಉಳಿದಿದೆ. ಗುತ್ತಿಗೆಯು ಎಂದಾದರೂ ಮುಗಿಯಲೇಬೇಕಾದ್ದರಿಂದ ಮುಂದಿನ ಬಳಕೆಯನ್ನು ನಿರ್ಧರಿಸುವ ಅವಕಾಶವೂ ಉಳಿದಿದೆ.

ಕರ್ನಾಟಕದಲ್ಲಿ ಇದೇ ಕಾಲಮಾನದ ಕಟ್ಟಡವೆಂದರೆ ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿರುವ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ. ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಸ್ಮರಣಾರ್ಥ ನಿರ್ಮಾಣವಾಗಿ 1915ರಲ್ಲಿ ತೆರೆದ ಈ ಭವನದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯವಿದೆ. ವಾಷಿಂಗ್ಟನ್ನಿನ ಕಟ್ಟಡದಲ್ಲಿ ವಾಚನಾಲಯದ ಸ್ಥಾನಕ್ಕೆ ಮಳಿಗೆ ಬಂದಿದ್ದರೆ, ಇಲ್ಲಿನ ಕೆಂಪು ಕಟ್ಟಡದಲ್ಲಿ ಓದುಗರು ಇಂದಿಗೂ ಪುಸ್ತಕ ತೆರೆದು ಕುಳಿತಿರುತ್ತಾರೆ. ಹಳೆಯ ಕಟ್ಟಡವು ಗ್ರಂಥಾಲಯವಾಗಿಯೇ ಉಳಿಯಬೇಕಾದರೆ ಅದಕ್ಕೆ ನಿರ್ವಹಣೆಯ ಹಣದಷ್ಟೇ ಓದುಗರೂ ಅವಶ್ಯ. ಸಾರ್ವಜನಿಕರು ತಮ್ಮ ಸಮೀಪದ ಗ್ರಂಥಾಲಯದ ಸದಸ್ಯತ್ವವನ್ನು ಪಡೆದು ಅದನ್ನು ಸದುಪಯೋಗಪಡಿಸಿಕೊಳ್ಳಬೇಕಾಗಿ ಕೋರಲಾಗಿದೆ.