ಬಿಗ್ ಫುಟ್ ಸ್ಮರಣಯಾತ್ರೆ: ಶೋಕಾಚರಣೆಯಾಗಿ ಕುದುರೆ ಸವಾರಿ

ಅಮೆರಿಕದ ಐತಿಹಾಸಿಕ ಹಾದಿಗಳಲ್ಲಿ ಕುದುರೆ, ಬಂಡಿಗಳೊಡನೆ ನಡೆಯುವ ಸ್ಮರಣಯಾತ್ರೆಗಳು ಬಹುಮಟ್ಟಿಗೆ ವಲಸಿಗರ ಸಾಹಸವನ್ನು ಕೊಂಡಾಡುತ್ತವೆ. ದಕ್ಷಿಣ ಡಕೋಟಾದಲ್ಲಿ ಲಕೋಟಾ ಜನರು 1986ರಲ್ಲಿ ಆರಂಭಿಸಿದ ಯಾತ್ರೆಯ ಕೊನೆಯ ಬೀಡು ಒಂದು ಸಮಾಧಿ.

1890ರ ಡಿಸೆಂಬರ್ 15ರಂದು ಸಿಟ್ಟಿಂಗ್ ಬುಲ್ ಹತನಾದನು. ಇದರಿಂದ ಆತಂಕಗೊಂಡ ಮಿನಿಕೊಂಜು ಮುಖಂಡ ಬಿಗ್ ಫುಟ್ 23ರ ರಾತ್ರಿ ತನ್ನವರೊಡನೆ ಶೆಯೆನ್ ನದಿಯ ನೆಲೆಯನ್ನು ತೊರೆದು ಪೈನ್ ರಿಡ್ಜ್‌ನತ್ತ ಹೊರಟನು. ನ್ಯುಮೋನಿಯಾ ತಗುಲಿ ಬಂಡಿಯಲ್ಲಿ ಮಲಗಿದ್ದ ಅವನನ್ನು 28ರಂದು ಸೈನ್ಯ ತಡೆಯಿತು. ಮರುದಿನ ವೂಂಡೆಡ್ ನೀ ಹೊಳೆಯ ಬಳಿ ಆಯುಧಗಳನ್ನು ಕಿತ್ತುಕೊಳ್ಳುವಾಗ ಹಾರಿದ ಒಂದು ಗುಂಡು ಹತ್ಯಾಕಾಂಡಕ್ಕೆ ನೆಪವಾಯಿತು. ಓಡುತ್ತಿದ್ದ ಹೆಂಗಸರು, ಮಕ್ಕಳೂ ಉಳಿಯಲಿಲ್ಲ. ಹೆಪ್ಪುಗಟ್ಟಿದ 146 ಶವಗಳನ್ನು ಒಂದೇ ಕಂದಕದಲ್ಲಿ ಹೂಳಲಾಯಿತು. ಸೈನ್ಯವು ಇದನ್ನು ಕದನವೆಂದು ಕರೆದು ಪದಕಗಳನ್ನಿತ್ತಿತು. ಮೃತರಿಗೆ ಸಲ್ಲಬೇಕಾದ ಕ್ರಿಯಾವಿಧಿಗಳು ಮಾತ್ರ ಸಲ್ಲಲಿಲ್ಲ. ಯಾತ್ರೆಯ ಮೂಲವನ್ನು ಇಲ್ಲಿಯೇ ಅರಸಬೇಕು.

1986ರಲ್ಲಿ ಹೊರಟವರು 19 ಸವಾರರು. ಅದೇ ಹಾದಿ, ಅದೇ ಡಿಸೆಂಬರ್ ತಿಂಗಳು, ಅದೇ ಕೊರೆಯುವ ಚಳಿ. ಇದನ್ನು ಪುನರಭಿನಯವೆನ್ನುವುದು ಸಲ್ಲದು. ಹಸಿವು, ಚಳಿಗಳನ್ನು ಸಹಿಸುವುದೇ ಇಲ್ಲಿ ವ್ರತ. ಶತಮಾನ ತುಂಬಿದ 1990ರಲ್ಲಿ ಸವಾರರು ಸುಮಾರು 300ಕ್ಕೇರಿದರು. ಸಮಾಧಿಯೆದುರು ಕಣ್ಣೀರೊರೆಸುವ ವಿಧಿ ನೆರವೇರಿತು. ಅದೇ ವರ್ಷ ಅಮೆರಿಕದ ಸಂಸತ್ತು ವಿಷಾದ ವ್ಯಕ್ತಪಡಿಸಿತು, ಕ್ಷಮೆ ಯಾಚಿಸಲಿಲ್ಲ. ಪದಕಗಳನ್ನು ಹಿಂಪಡೆಯಲಾಗದೆಂದು 2025ರಲ್ಲಿಯೂ ರಕ್ಷಣಾ ಇಲಾಖೆ ಘೋಷಿಸಿತು.

ಶೋಕದ ಅವಧಿ 1990ಕ್ಕೆ ಮುಗಿದರೂ ಸವಾರಿ ನಿಲ್ಲಲಿಲ್ಲ. ಮುಂದಿನ ತಲೆಮಾರುಗಳ ಯಾತ್ರೆಯೆಂಬ ಹೊಸ ಹೆಸರಿನಲ್ಲಿ ಲಕೋಟಾ ಕಿರಿಯರು ಅದನ್ನು ಮುಂದುವರಿಸಿದರು.