ಎಂಪ್ರೆಸ್ ಮಿಲ್ಲಿನಿಂದ ಭದ್ರಾವತಿಗೆ: ಉದ್ಯಮಗಳ ಮುಖ್ಯಸ್ಥರ ಆಯ್ಕೆಯ ಚರಿತ್ರೆ

ಹತ್ತೊಂಬತ್ತನೆಯ ಶತಮಾನದ ಭಾರತದ ಕಂಪನಿಗಳಲ್ಲಿ ಮುಖ್ಯಸ್ಥನನ್ನು ಹುಡುಕುವ ಪ್ರಶ್ನೆ ಹೆಚ್ಚಾಗಿ ಏಳುತ್ತಲೇ ಇರಲಿಲ್ಲ. ಮ್ಯಾನೇಜಿಂಗ್ ಏಜೆನ್ಸಿ ಪದ್ಧತಿಯಲ್ಲಿ ಆಡಳಿತ ಏಜೆನ್ಸಿ ಸಂಸ್ಥೆಯ ಕೈಯಲ್ಲಿರುತ್ತಿತ್ತು. ಭಾರತೀಯರ ಸಂಸ್ಥೆಗಳಲ್ಲಿ ಅದು ಮಗನಿಗೋ ಅಳಿಯನಿಗೋ ಒಲಿಯುತ್ತಿತ್ತು. 1970ರಲ್ಲಿ ಕಾನೂನು ರದ್ದುಮಾಡುವವರೆಗೂ ಈ ಪದ್ಧತಿ ಉಳಿಯಿತು. ಆದ್ದರಿಂದಲೇ ನಾಗಪುರದ ಎಂಪ್ರೆಸ್ ಮಿಲ್ಲಿಗೆ ಜಮ್ಷೆಟ್‌ಜಿ ಟಾಟಾ ಮಾಡಿದ ನೇಮಕ ವಿಶೇಷ ಗಮನಕ್ಕೆ ಅರ್ಹವಾದದ್ದು.

1877ರ ಜನವರಿ 1ರಂದು ಶುರುವಾದ ಆ ಮಿಲ್ಲಿನ ಮ್ಯಾನೇಜರ್ ಆಗಿ ಬಂದವರು ಬೆಜೋನ್‌ಜಿ ಮೆಹತಾ. ಅವರು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯಲ್ಲಿ ದುಡಿದವರು. ನೂಲಿನ ಕೆಲಸ ಅವರಿಗೆ ಹೊಸದು. ಇದನ್ನು ಧೈರ್ಯದ ಜೂಜು ಎಂದು ಹೊಗಳುವುದುಂಟು. ನನಗೆ ಹಾಗೆ ತೋರುವುದಿಲ್ಲ. ಜಮ್ಷೆಟ್‌ಜಿ ಜೊತೆಗೇ ಲ್ಯಾಂಕಾಷೈರಿನ ಜೇಮ್ಸ್ ಬ್ರೂಕ್ಸ್‌ಬಿಯವರನ್ನು ತಾಂತ್ರಿಕ ಹೊಣೆಗೆ ಕರೆತಂದಿದ್ದರು. ಜನರನ್ನೂ ಸರಕನ್ನೂ ನಿಭಾಯಿಸಬಲ್ಲವನು ಒಬ್ಬ, ಯಂತ್ರ ಬಲ್ಲವನು ಇನ್ನೊಬ್ಬ. ಲ್ಯಾಂಕಾಷೈರೇ ಹಿಂಜರಿಯುತ್ತಿದ್ದ, ನೂಲು ತೆಗೆಯುವ ರಿಂಗ್ ಸ್ಪಿಂಡಲನ್ನು 1880ರ ದಶಕದಲ್ಲಿ ಇಲ್ಲಿ ಅಳವಡಿಸಲು ಸಾಧ್ಯವಾದದ್ದರ ಹಿಂದೆ ಈ ಜೋಡಣೆಯಿದೆ. ಒಬ್ಬ ಸರ್ವಜ್ಞ ಮುಖ್ಯಸ್ಥನಿಗಾಗಿ ಅವರು ಕಾಯುತ್ತ ಕೂರಲಿಲ್ಲ.

ಉಕ್ಕಿನ ವಿಚಾರದಲ್ಲಿ ದಾರಿ ಬೇರೆಯಾಯಿತು. 1907ರಲ್ಲಿ ಸ್ಥಾಪನೆಯಾದ ಟಾಟಾ ಉಕ್ಕು ಕಂಪನಿಗೆ ನ್ಯೂಯಾರ್ಕಿನ ಚಾರ್ಲ್ಸ್ ಪೇಜ್ ಪೆರಿನ್ ಸಲಹೆಗಾರರಾಗಿದ್ದರು. ಜನರಲ್ ಮ್ಯಾನೇಜರುಗಳು ಹೊರದೇಶದಿಂದ ಬರುತ್ತಿದ್ದರು. ಆಗ ಬೇರೆ ದಾರಿಯಿರಲಿಲ್ಲ, ಊದುಕುಲುಮೆ ನಡೆಸಿ ಅನುಭವವಿದ್ದವರು ಇಲ್ಲಿ ವಿರಳ. ಆದರೆ ಹೊರಗಿನಿಂದ ತರುವ ಅಭ್ಯಾಸ ಒಮ್ಮೆ ಬೇರೂರಿದರೆ ಒಳಗಿನವರನ್ನು ಬೆಳೆಸುವ ಅವಸರ ತಗ್ಗುತ್ತದೆ. ಜಮ್‌ಷೆಡ್‌ಪುರದಲ್ಲಿ ತಾಂತ್ರಿಕ ತರಬೇತಿ ಸಂಸ್ಥೆ ತೆರೆದದ್ದು 1921ರಲ್ಲಿ. ಮೊದಲ ಭಾರತೀಯ ಜನರಲ್ ಮ್ಯಾನೇಜರ್ ಜಹಾಂಗೀರ್ ಘಾಂಡಿ ಆ ಸ್ಥಾನಕ್ಕೆ ಬಂದದ್ದು 1938ರಲ್ಲಿ. ಸ್ಥಾಪನೆಯಿಂದ ಲೆಕ್ಕ ಹಾಕಿದರೆ 31 ವರ್ಷ! ಅರ್ಹರ ಕೊರತೆಗಿಂತ ಅರ್ಹರನ್ನು ರೂಪಿಸುವ ವ್ಯವಸ್ಥೆಯ ಕೊರತೆಯೇ ಇದಕ್ಕೆ ಹೆಚ್ಚು ಕಾರಣವೆಂದು ನಾನು ಭಾವಿಸುತ್ತೇನೆ.

ಮೈಸೂರು ಸಂಸ್ಥಾನದ ಭದ್ರಾವತಿ ಇದಕ್ಕೆ ಎದುರು ನಿದರ್ಶನ. ಅಲ್ಲಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿತು. ಯೋಜನೆಯಲ್ಲಿ ಪೆರಿನ್ ಅವರ ಪಾತ್ರವೂ ಇತ್ತು. ಮೊದಲ ಮಹಾಯುದ್ಧದ ನಂತರ ಬೀಡು ಕಬ್ಬಿಣದ ಬೆಲೆ ಕುಸಿದು ನಷ್ಟ ಕಾಡತೊಡಗಿದಾಗ, ದಿವಾನಗಿರಿ ಬಿಟ್ಟಿದ್ದ ಎಂ. ವಿಶ್ವೇಶ್ವರಯ್ಯ ಆಡಳಿತ ಮಂಡಳಿಯ ಅಧ್ಯಕ್ಷರಾದರು. ಲೋಹಶಾಸ್ತ್ರ ಅವರ ಕ್ಷೇತ್ರವಲ್ಲ. ಅವರು ನೀರಾವರಿಯ ಇಂಜಿನಿಯರ್. ವೆಚ್ಚ ತಗ್ಗಿಸುವುದರ ಜೊತೆಗೆ ವಿದೇಶಿ ಅಧಿಕಾರಿಗಳ ಜಾಗಕ್ಕೆ ದೇಶೀಯರನ್ನು ತರುವುದೂ ಅವರ ಕಾರ್ಯಕ್ರಮವಾಗಿತ್ತು. ಇಲ್ಲಿಯೂ ಬೆಜೋನ್‌ಜಿಯವರ ಮಾದರಿಯೇ ಕಾಣುತ್ತದೆ: ಮುಖ್ಯಸ್ಥನಿಗೆ ಆ ಕಸುಬಿನ ಪರಿಣತಿ ಇಲ್ಲ, ಪರಿಣತರನ್ನು ದುಡಿಸುವ ಶಿಸ್ತು ಇದೆ. 1927ರಲ್ಲಿ ಟಾಟಾ ಉಕ್ಕು ಕಂಪನಿ ಇದೇ ವಿಶ್ವೇಶ್ವರಯ್ಯನವರನ್ನು ತನ್ನ ನಿರ್ದೇಶಕ ಮಂಡಳಿಗೆ ಕರೆಯಿತು.

ಮುಖ್ಯಸ್ಥರ ಎರಡನೆಯ ಸಾಲನ್ನು ಮುಂಚಿತವಾಗಿ ಸಿದ್ಧಪಡಿಸುವ ಕೆಲಸಕ್ಕೆ ಟಾಟಾ ಸಮೂಹದಲ್ಲಿ ಸಾಂಸ್ಥಿಕ ರೂಪ ಸಿಕ್ಕಿದ್ದು ಜೆ.ಆರ್.ಡಿ. ಟಾಟಾ ಅವರ ಕಾಲದಲ್ಲಿ. ಇಂಡಿಯನ್ ಸಿವಿಲ್ ಸರ್ವಿಸ್ (ಐಸಿಎಸ್) ಮಾದರಿಯನ್ನು ಮನಸ್ಸಿನಲ್ಲಿಟ್ಟು 1956ರಲ್ಲಿ ಟಾಟಾ ಅಡ್ಮಿನಿಸ್ಟ್ರೇಟಿವ್ ಸರ್ವಿಸ್ ರೂಪುಗೊಂಡಿತು. ತರುಣರನ್ನು ಆರಿಸಿ, ಒಂದು ಕಂಪನಿಯಿಂದ ಇನ್ನೊಂದಕ್ಕೆ ಕಳಿಸಿ ಪಳಗಿಸುವ ಏರ್ಪಾಡು ಅದು. ಎಂಪ್ರೆಸ್ ಮಿಲ್ಲಿಗೆ ಆಗ ಸುಮಾರು ಎಂಬತ್ತು ವರ್ಷ ತುಂಬಿತ್ತು.