ಸ್ಕಾಟ್ ಬಂಗಲೆಯ ಕತೆ, ಕ್ಯಾರೊಲಿನ್‌ಳ ಸಮಾಧಿ

ನಮ್ಮೂರ ಇತಿಹಾಸ, ಭಾಗ 7 👇 (ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ)

ಪಾಂಡವಪುರದಿಂದ ಮೈಸೂರಿಗೆ ಹೋಗೋ ಟ್ರೈನಲ್ಲಿ ದಿನಾ ಸ್ವಲ್ಪ ಸ್ವಲ್ಪ ಓದಿ, ಜೇನ್ ಆಸ್ಟಿನ್‌ಳ ‘ನಾರ್ಥ್ಯಾಂಗರ್ ಅಬ್ಬಿ’ ಮುಗಿಸಿದೆ. ಅದರ ನಾಯಕಿ ಕ್ಯಾಥರಿನ್‌ಗೆ ಪಾಳು ಬಂಗಲೆ, ದೆವ್ವದ ಕಾದಂಬರಿ ಅಂದ್ರೆ ಪ್ರಾಣ. ತನಗೆ ಇಷ್ಟವಾದ ಹುಡುಗನ ಹಳೇ ಮನೆಗೆ ಅತಿಥಿಯಾಗಿ ಹೋಗ್ತಾಳೆ. ಅವನ ಅಮ್ಮ ತೀರಿಕೊಂಡು ವರ್ಷಗಳೇ ಆಗಿವೆ, ಅಪ್ಪ ಸೇನೆಯ ಜನರಲ್. ಇನ್ನೇನು, ಅಪ್ಪನೇ ಅಮ್ಮನನ್ನ ಕೊಂದಿರಬೇಕು ಅಂತ ಇವಳೇ ತೀರ್ಮಾನ ಮಾಡಿಬಿಡ್ತಾಳೆ! ಕದ್ದು ಹೋಗಿ ಅಮ್ಮನ ಕೋಣೆ ಬಾಗಿಲು ತೆಗೆದ್ರೆ, ಒಳಗೆ ಬಿಸಿಲು ಬಿದ್ದಿರೋ ಮಾಮೂಲಿ ಕೋಣೆ. ಆ ತಾಯಿ ಸತ್ತಿದ್ದು ಕಾಯಿಲೆಯಿಂದ.

ಓದುವಾಗ ನಕ್ಕುಬಿಟ್ಟೆ. ಆಮೇಲೆ ಟ್ರೈನು ಶ್ರೀರಂಗಪಟ್ಟಣದ ಹೊಳೆ ದಾಟುವಾಗ ಅನ್ನಿಸ್ತು: ನಾವೂ ಅದನ್ನೇ ಮಾಡಿದ್ದೀವಲ್ಲಾ.

ಕೋಟೆಯ ಮೈಸೂರು ಬಾಗಿಲಿನಿಂದ ಸ್ವಲ್ಪ ದೂರ, ಕಾವೇರಿ ದಡದಲ್ಲಿ ಸ್ಕಾಟ್ ಬಂಗಲೆ ಇದೆ. 1799ರಲ್ಲಿ ಟಿಪ್ಪು ಸತ್ತ ಮೇಲೆ ಇಲ್ಲಿನ ಫಿರಂಗಿ ಗಾಡಿ ಕಾರ್ಖಾನೆ ನೋಡಿಕೊಳ್ತಿದ್ದ ಕರ್ನಲ್ ಸ್ಕಾಟ್‌ನ ಮನೆ ಅದು. ಕತೆ ನಿಮಗೂ ಗೊತ್ತಿರುತ್ತೆ. ಕರ್ನಲ್ ಊರಿಂದ ವಾಪಸ್ ಬಂದಾಗ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಕಾಲರಾದಿಂದ ಸತ್ತಿದ್ದರಂತೆ. ದುಃಖ ತಡೀಲಾರದೆ ಅವನು ಹೊಳೆಗೆ ಇಳಿದು ಮುಳುಗಿಹೋದನಂತೆ. ಮುಮ್ಮಡಿ ಕೃಷ್ಣರಾಜ ಒಡೆಯರು ಮನೆಯಲ್ಲಿರೋ ಒಂದು ಸಾಮಾನನ್ನೂ ಮುಟ್ಟಬಾರದು ಅಂತ ಅಪ್ಪಣೆ ಕೊಟ್ಟರಂತೆ. ಮಂಚ, ಕುರ್ಚಿ ಎಲ್ಲಾ ಇದ್ದ ಹಾಗೇ ಧೂಳು ಹಿಡಿದವು. 1870ರ ದಶಕದಲ್ಲಿ ಆಂಗ್ಲ ಸೇನಾಧಿಕಾರಿ ವಾಲ್ಟರ್ ಯೆಲ್ಡ್‌ಹ್ಯಾಮ್ ‘ಆಲಿಫ್ ಚೀಮ್’ ಅನ್ನೋ ಹೆಸರಿನಲ್ಲಿ ಈ ಖಾಲಿ ಬಂಗಲೆ ಮೇಲೆ ಪದ್ಯ ಬರೆದ. ಕತೆ ಇನ್ನೂ ಗಟ್ಟಿಯಾಯ್ತು.

ಈಗ ಬಾಗಿಲು ತೆಗೆಯೋಣ ಬನ್ನಿ.

ಹೆದ್ದಾರಿ ಹತ್ರನೇ, ಹೊಳೆ ಕಡೆಗೆ ಗ್ಯಾರಿಸನ್ ಸ್ಮಶಾನ ಇದೆ. 300ಕ್ಕೂ ಹೆಚ್ಚು ಸಮಾಧಿ. ಸ್ವಿಟ್ಜರ್ಲೆಂಡ್‌ನ ಡಿ ಮ್ಯೂರಾನ್ ರೆಜಿಮೆಂಟಿನವರೂ ಇಲ್ಲೇ ಮಲಗಿದ್ದಾರೆ. ಯುದ್ಧದಲ್ಲಿ ಸತ್ತವರು ಮಾತ್ರ ಅಲ್ಲ, ಅವರ ಹೆಂಡತಿಯರು, ಮಕ್ಕಳು ಕೂಡ. ಅವರಲ್ಲಿ ಒಬ್ಬಳು ಕರ್ನಲ್ ಸ್ಕಾಟ್‌ನ ಹೆಂಡತಿ ಕ್ಯಾರೊಲಿನ್ ಇಸಬೆಲ್ಲಾ. ಸತ್ತಿದ್ದು 1817ರಲ್ಲಿ, ಹೆರಿಗೆಯಲ್ಲಿ. ಮಗುವೂ ಉಳೀಲಿಲ್ಲ.

ಕಾಲರಾ? ಆ ಮಹಾಮಾರಿ 1817ರಲ್ಲಿ ಎದ್ದಿದ್ದು ಬಂಗಾಳದ ಜೆಸ್ಸೋರ್ ಕಡೆ. ದಕ್ಷಿಣಕ್ಕೆ ಹಬ್ಬಿದ್ದು 1818ರಲ್ಲಿ. ಅಂದ್ರೆ ಕತೆಯ ಕಾಲರಾ ಇಲ್ಲಿಗೆ ಬರೋ ಮೊದಲೇ ಕ್ಯಾರೊಲಿನ್ ಮಣ್ಣಲ್ಲಿದ್ದಳು. ಆಸ್ಟಿನ್‌ಳ ಕಾದಂಬರಿ ಅಚ್ಚಾಗಿ ಬಂದಿದ್ದೂ ಅದೇ 1817ರ ಡಿಸೆಂಬರಲ್ಲಿ.

ಹಾಗಾದ್ರೆ ಕತೆ ಯಾಕೆ ಬದಲಾಯ್ತು? ನನಗೆ ಅನ್ನಿಸೋದು ಇಷ್ಟು: ಹೆರಿಗೆಯಲ್ಲಿ ಹೆಂಗಸು ಸಾಯೋದು ಆಗ ಕತೆ ಮಾಡುವಷ್ಟು ದೊಡ್ಡ ಸುದ್ದಿ ಆಗಿರಲಿಲ್ಲ. ಒಂದೇ ದಿನ ಮೂರು ಹೆಣ, ಗಂಡನ ಜಲಸಮಾಧಿ ಅಂದ್ರೆ ಕತೆ. ಅದರಲ್ಲಿ ಕರ್ನಲ್ ಅಮರಪ್ರೇಮಿ ಆದ, ಕ್ಯಾರೊಲಿನ್ ಹೆಸರೇ ಇಲ್ಲದ ‘ಹೆಂಡತಿ’ ಆದಳು.

ಬ್ರಿಟಿಷರಿಗೆ ಮಾತ್ರ ಅಲ್ಲ ಕಣ್ರೋ ಇದು. ನಾಗಮಂಗಲದ ನಮ್ಮಜ್ಜಿ ಹೇಳೋ ಕತೆಗಳಲ್ಲಿ ಹುಣಸೆ ಮರದಲ್ಲಿ ಕೂರೋ ದೆವ್ವ ಯಾರು ಗೊತ್ತಾ? ಯಾವಾಗಲೂ ಬಾಣಂತಿನೇ. ಮೊನ್ನೆ ಕೇಳಿದೆ, “ಅಜ್ಜಿ, ನಮ್ಮ ಮನೇಲಿ ಯಾರಾದ್ರೂ ಹಂಗೆ ಸತ್ತಿದ್ರಾ?” ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ನಮ್ಮವ್ವನೇ ಕಣವ್ವ. ಕೆ.ಆರ್.ಪೇಟೆ ತವರಲ್ಲಿ. ನಾನು ಎರಡು ವರ್ಷದ ಕೂಸು. ಹೆಸರು ನಂಗೂ ಗೊತ್ತಿಲ್ಲ, ಯಾರೂ ಹೇಳ್ಲಿಲ್ಲ.”

ಕ್ಯಾರೊಲಿನ್‌ಗೆ ಕಲ್ಲಾದ್ರೂ ಇದೆ. ನಮ್ಮ ಮುತ್ತಜ್ಜಿಗೆ ಅದೂ ಇಲ್ಲ.

ದೆವ್ವದ ಕಾದಂಬರಿ ಓದೋದು ಬಿಡಿ ಅಂತ ನಾನು ಹೇಳ್ತಿಲ್ಲ. ನಾನೂ ಬಿಡಲ್ಲ, ಆ ಲವ್ ಸ್ಟೋರಿ ಅಂತೂ ಎರಡು ಸಲ ಓದಿದೆ 😄 ಆದರೆ ಮುಂದಿನ ಸಲ ಬಂಗಲೆ ಮುಂದೆ ರೀಲ್ ಮಾಡಿದ ಮೇಲೆ ಸ್ಮಶಾನಕ್ಕೂ ಹೋಗಿ ಬನ್ನಿ. ಮನೆಗೆ ಬಂದು ಅಜ್ಜಿ ಹತ್ರ ಒಂದು ಹೆಸರು ಕೇಳಿ. ಸಿಕ್ಕಿದ್ರೆ ಬರೆದಿಡಿ.

ಮುಂದಿನ ಭಾಗ: ನಮ್ಮ ಪಾಂಡವಪುರಕ್ಕೆ ‘ಫ್ರೆಂಚ್ ರಾಕ್ಸ್’ ಅನ್ನೋ ಹೆಸರು ಹೇಗೆ ಬಂತು?

#ನಮ್ಮೂರಇತಿಹಾಸ #ಶ್ರೀರಂಗಪಟ್ಟಣ #ಸ್ಕಾಟ್‌ಬಂಗಲೆ